ಉಳಿದ ತುಂಡುಗಳೂ ಗೆಣಸಿನ ಹೊಲವೂ

ಮೂಲವಾಕ್ಯ: ಯೋಹಾನನ ಸುವಾರ್ತೆ, ೬ನೆಯ ಅಧ್ಯಾಯ, ೧೨ನೆಯ ವಚನ.



ಐದು ಜವೆಗೋದಿಯ ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ಐದು ಸಾವಿರ ಗಂಡಸರು ಉಂಡು ತೃಪ್ತರಾದ ಸಂಗತಿಯನ್ನು ರವಿವಾರದ ಶಾಲೆಯ ಚಿಕ್ಕ ಮಗುವೂ ಹೇಳಬಲ್ಲದು. ಆದರೆ ಆ ಅದ್ಭುತವು ಮುಗಿದ ಮೇಲೆ ನಡೆದದ್ದನ್ನು ನಾವು ಅವಸರದಿಂದ ಓದಿ ದಾಟಿಬಿಡುತ್ತೇವೆ. ಜನರ ಹಸಿವೆ ತೀರಿತು, ಹೊತ್ತು ಇಳಿದಿತ್ತು, ಇನ್ನು ಎದ್ದು ಮನೆಗೆ ಹೋಗುವದೊಂದೇ ಉಳಿದಿತ್ತು. ಆಗ ಕರ್ತನು ತನ್ನ ಶಿಷ್ಯರನ್ನು ಕರೆದು, ಮಿಕ್ಕ ತುಂಡುಗಳನ್ನೆಲ್ಲಾ ಕೂಡಿಸಬೇಕೆಂದೂ ಅವುಗಳಲ್ಲಿ ಯಾವದೂ ಹಾಳಾಗಬಾರದೆಂದೂ ಅಪ್ಪಣೆಕೊಟ್ಟನು. ಒಂದು ಮಾತಿನಿಂದ ಹನ್ನೆರಡು ಬುಟ್ಟಿಯಲ್ಲ, ಹನ್ನೆರಡು ಸಾವಿರ ಬುಟ್ಟಿ ರೊಟ್ಟಿಯನ್ನು ಉಂಟುಮಾಡಬಲ್ಲವನು, ಹುಲ್ಲಿನ ಮೇಲೆ ಬಿದ್ದ ತುಂಡುಗಳ ಚಿಂತೆಯನ್ನು ಮಾಡಿದ್ದು ಯಾಕೆ? ಈ ಪ್ರಶ್ನೆಯನ್ನು ನಾವು ಇಂದು ಹೊಲಕ್ಕೆ ತಕ್ಕೊಂಡು ಹೋಗೋಣ.

ಅದಕ್ಕಿಂತ ಮುಂಚೆ ಒಂದು ಮಾತನ್ನು ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಅನೇಕ ಹಿರಿಯರಿಗೆ, ಉಳಿದದ್ದು ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಮನಸ್ಸು ಮುದುಡುವದು. ಅವರ ಅಜ್ಜ ಮುತ್ತಜ್ಜರು ಊರಿನ ದೊಡ್ಡ ಮನೆಗಳ ಹಿತ್ತಲಲ್ಲಿ ಉಡಿಯೊಡ್ಡಿ ನಿಂತು, ಬೇರೆಯವರು ಉಂಡು ಬಿಟ್ಟದ್ದನ್ನು ಮನೆಗೆ ತಂದವರು. ಆ ಎಂಜಲಿನ ನೆನಪು ಎರಡು ಮೂರು ತಲೆಗಳಲ್ಲಿ ಅಳಿದುಹೋಗತಕ್ಕದ್ದಲ್ಲ. ಅಂಥವರಿಗೆ ಉಳಿದದ್ದನ್ನು ಆರಿಸಿರೆಂದು ಉಪದೇಶಿಸುವವನು ನಾಲಿಗೆಯನ್ನು ಹಿಡಿದು ಮಾತಾಡಬೇಕು. ಆದರೆ ಸುವಾರ್ತಿಕನು ಇಲ್ಲಿ ಬರೆದ ಗ್ರೀಕ್ ಶಬ್ದವು ಮುರಿಯುವದು ಎಂಬ ಧಾತುವಿನಿಂದ ಬಂದದ್ದು. ಕರ್ತನ ಕೈಯಲ್ಲಿ ಮುರಿಯಲ್ಪಟ್ಟು, ಹಂಚುವದರಲ್ಲಿ ಮಿಕ್ಕ ತುಂಡುಗಳು ಅವು. ಒಬ್ಬರ ಬಾಯಿಂದ ಬಿದ್ದು ಇನ್ನೊಬ್ಬರ ಉಡಿಗೆ ಸೇರಿದ ಎಂಜಲಲ್ಲ. ಇದಲ್ಲದೆ ಅವುಗಳನ್ನು ಕೂಡಿಸಿದವರು ಯಾರು? ಗುಂಪಿನ ಅಂಚಿನಲ್ಲಿ ನಿಂತಿದ್ದ ದಿಕ್ಕಿಲ್ಲದವರನ್ನು ಆತನು ಆ ಕೆಲಸಕ್ಕೆ ಕರೆಯಲಿಲ್ಲ. ಮುಂದೆ ಸಭೆಗೆ ಕಂಬಗಳಾಗತಕ್ಕ ಪೇತ್ರನೂ ಅಂದ್ರೆಯನೂ ಫಿಲಿಪ್ಪನೂ ಬುಟ್ಟಿ ಹಿಡಿದು ಬೊಗ್ಗಿದರು. ಬೊಗ್ಗಿ ಆರಿಸುವ ಕೆಲಸವು ಕೀಳೆಂದು ಇನ್ನು ಯಾರೂ ಹೇಳದಿರಲಿ.

ಗೆಣಸಿನ ಬೆಳೆಯನ್ನು ಈ ಉಪದೇಶಕ್ಕೆ ತಕ್ಕೊಂಡದ್ದಕ್ಕೆ ಕಾರಣವುಂಟು. ಒಕ್ಕಲಿಗನ ಬೆಳೆಗಳಲ್ಲಿ ಇದರಷ್ಟು ಉಳಿದ ತುಂಡುಗಳನ್ನು ಬಿಡುವ ಬೆಳೆ ವಿರಳ. ಗೆಡ್ಡೆಯು ಪೇಟೆಗೆ ಹೋಗುವದು; ಬಳ್ಳಿ, ಎಲೆ, ಬೆರಳುಗಾತ್ರದ ಮರಿಗೆಡ್ಡೆ, ಕುಡುಗೋಲು ತಗಲಿದ ಗೆಡ್ಡೆ, ಸಿಪ್ಪೆ, ನೆಲದಲ್ಲಿ ಸಿಕ್ಕಿಬಿದ್ದ ಗೆಡ್ಡೆ, ಇವೆಲ್ಲಾ ಹಿಂದೆ ಉಳಿಯುವವು. ಗೆಣಸು ನಮ್ಮ ದೇಶದ ಮೂಲನಿವಾಸಿಯಲ್ಲ. ಅಮೇರಿಕಾ ಖಂಡದ ಉಷ್ಣಸೀಮೆಯಲ್ಲಿ ಹುಟ್ಟಿ, ೧೬ನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳೊಂದಿಗೆ ನಮ್ಮ ಕರಾವಳಿಗೆ ಬಂದಿತೆಂದು ತಿಳಿದವರು ಹೇಳುತ್ತಾರೆ. ಈಗ ಕರ್ನಾಟಕದಲ್ಲಿ ಬೆಳಗಾವಿ, ಖಾನಾಪುರ ತಾಲೂಕುಗಳೇ ಇದರ ತವರುಮನೆ. ಅಲ್ಲಿಯ ಗೆಣಸು ಬೆಳಗಾವಿಯ ಪೇಟೆಯಿಂದ ಉತ್ತರ ಹಿಂದುಸ್ಥಾನದ ವರೆಗೂ ಲಾರಿಗಳಲ್ಲಿ ಹೋಗುವದು. ನಮ್ಮ ಗದಗ ಸೀಮೆಯಲ್ಲಿಯಾದರೋ ಜೋಳ, ಕಡಲೆ, ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ, ಇವುಗಳದ್ದೇ ರಾಜ್ಯ. ಗೆಣಸಿಗೆ ಎರೆಹೊಲವು ಒಗ್ಗುವದಿಲ್ಲ. ನೀರು ನಿಂತರೆ ಗೆಡ್ಡೆ ಕೊಳೆಯುವದು, ನೀರು ಆರಿದರೆ ನೆಲ ಬಿರಿಯುವದು. ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಕಪ್ಪತಗುಡ್ಡದ ಸೆರಗಿನ ಮಸಾರಿ ನೆಲವೂ ತುಂಗಭದ್ರೆಯ ದಂಡೆಯ ಹಗುರವಾದ ಮಣ್ಣೂ ಇದಕ್ಕೆ ತಕ್ಕವು.

ಈ ಸೀಮೆಯ ಕ್ರೈಸ್ತರ ಚರಿತ್ರೆಯಲ್ಲಿ ಒಕ್ಕಲುತನದ ಮಾತು ಹೊಸದಲ್ಲ. ೧೮೪೧ರಲ್ಲಿ ಬಾಸೆಲ್ ಮಿಶನಿನವರು ಬೆಟಗೇರಿಯಲ್ಲಿ ಠಾಣೆ ಹೂಡಿದರು. ಆ ಕಾಲದಲ್ಲಿಯೇ ಮಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಒಕ್ಕಲುತನದ ಒಂದು ವಸಾಹತನ್ನೂ ಮಾಡಲು ಯತ್ನಿಸಿದರು. ಅದು ಬಹುಕಾಲ ನಿಲ್ಲಲಿಲ್ಲ. ಅದರ ತರುವಾಯ ೧೮೭೬ರಿಂದ ೧೮೭೮ರ ವರೆಗೆ, ನಮ್ಮ ಮುದುಕರು ಧಾತು ಸಂವತ್ಸರದ ಬರವೆಂದು ಹೇಳುತ್ತಿದ್ದ ಆ ಘೋರವಾದ ಬರದಲ್ಲಿ, ಸೊಪ್ಪು ಬೇರುಗಳನ್ನು ಅಗೆದು ತಿಂದು ಜೀವ ಹಿಡಿದವರ ಮೊಮ್ಮಕ್ಕಳ ಮಕ್ಕಳು ನಾವು. ನೆಲದೊಳಗೆ ಅಡಗಿಕೊಂಡು, ಮೇಲೆ ಮಳೆ ತಪ್ಪಿದರೂ ಅಷ್ಟು ಬೇಗನೆ ಸಾಯದೆ ಇರುವ ಗೆಡ್ಡೆಯ ಬೆಲೆ ಏನೆಂದು ಅವರನ್ನು ಕೇಳಬೇಕಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಒಂದು ಹೆಕ್ಟೇರ್ ಹೊಲದಲ್ಲಿ, ಅಂದರೆ ಸುಮಾರು ಎರಡೂವರೆ ಎಕರೆಯಲ್ಲಿ, ೧೨ ಟನ್ ಗೆಣಸು ಬೆಳೆದರೆ, ಗೆಡ್ಡೆಗಳು ಮಾತ್ರವೇ ನೆಲದೊಳಗಿಂದ ಸುಮಾರು ೨೬ ಕಿಲೋ ಸಾರಜನಕವನ್ನೂ ೬೦ ಕಿಲೋ ಪೊಟ್ಯಾಶನ್ನೂ ಹೊತ್ತುಕೊಂಡು ಹೋಗುವವು. ಬಳ್ಳಿಯನ್ನೂ ಹೊಲದಿಂದ ಹೊರಗೆ ಸಾಗಿಸಿ ತಿರುಗಿ ಕೊಡದೆ ಹೋದರೆ, ಸಾರಜನಕದ ನಷ್ಟವು ಎರಡರಷ್ಟಾಗಿ ೫೨ ಕಿಲೋವಿಗೂ ಪೊಟ್ಯಾಶಿನದು ೯೦ ಕಿಲೋವಿಗೂ ಏರುವದು. ಇದನ್ನು ಯೋಚಿಸಿರಿ. ಪೇಟೆಗೆ ಹೋದದ್ದಕ್ಕೆ ಹಣ ಬಂತು. ಬದುವಿಗೆ ಎಳೆದು ಒಣಗಿಸಿ ಬೆಂಕಿ ಹಚ್ಚಿದ ಬಳ್ಳಿಗೆ ಏನು ಬಂತು? ಅದರಲ್ಲಿದ್ದ ಸಾರಜನಕವು ಹೊಗೆಯಾಗಿ ಗಾಳಿಗೆ ಹೋಯಿತು. ಮರುವರ್ಷ ಅದೇ ಸಾರಜನಕವನ್ನು ಚೀಲದಲ್ಲಿ ತರಲಿಕ್ಕೆ ಸಾಲ ಮಾಡುವವರನ್ನು ನಾನು ಕಂಡಿದ್ದೇನೆ. ತನ್ನ ಹೊಲದ ಸೊತ್ತನ್ನು ತಾನೇ ಸುಟ್ಟು, ಅದನ್ನೇ ಬಡ್ಡಿಯ ಮೇಲೆ ತಿರುಗಿ ಕೊಂಡುಕೊಳ್ಳುವವನಿಗೆ ಏನು ಹೇಳೋಣ?

ಕಿತ್ತ ಬಳ್ಳಿಯು ಎಷ್ಟೋ ಸಲ ಗೆಡ್ಡೆಯಷ್ಟೇ ತೂಕವಿರುವದು. ಅದು ಹಾಲು ಕೊಡುವ ಎಮ್ಮೆಗೂ ಆಡಿಗೂ ಒಳ್ಳೇ ಮೇವು. ಎಲೆಯಲ್ಲಿ ಮಾಂಸವರ್ಧಕ ಸಾರವು ಹೇರಳವಾಗಿದೆ. ಆದರೆ ಬಳ್ಳಿಯು ಬಹಳ ನೀರಾದದ್ದಾದ್ದರಿಂದ ಅದನ್ನೊಂದೇ ಹಾಕದೆ, ಜೋಳದ ಕಣಿಕೆಯೊಂದಿಗೆ ಕತ್ತರಿಸಿ ಬೆರಸಿ ಹಾಕಬೇಕು. ಬೆರಳುಗಾತ್ರದ ಮರಿಗೆಡ್ಡೆಗಳನ್ನು ಇಡಿಯಾಗಿ ದನದ ಮುಂದೆ ಸುರಿಯಬೇಡಿರಿ, ಗಂಟಲಲ್ಲಿ ಸಿಕ್ಕಿಕೊಂಡಾವು, ಹೆಚ್ಚಿ ಹಾಕಿರಿ. ಹಂದಿ ಕೋಳಿಗಳಿಗಾದರೆ ಬೇಯಿಸಿ ಹಾಕುವದು ಮೇಲು. ಹಸಿಗೆಡ್ಡೆಯಲ್ಲಿ ಜೀರ್ಣಕ್ಕೆ ಅಡ್ಡಿಮಾಡುವ ಒಂದು ಅಂಶವಿದೆ, ಬೆಂಕಿ ತಗಲಿದರೆ ಅದು ಕೆಡುವದು. ದನವು ತಿಂದದ್ದು ಸಗಣಿಯಾಗಿ ತಿಪ್ಪೆಗೆ, ತಿಪ್ಪೆಯದು ಹೊಲಕ್ಕೆ, ಹೊಲದ್ದು ತಿರುಗಿ ಬಳ್ಳಿಗೆ. ಇದಕ್ಕೆ ಈಗಿನ ಪಂಡಿತರು ವೃತ್ತಾಕಾರದ ಅರ್ಥವ್ಯವಸ್ಥೆಯೆಂದು ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಂದಿರು ತಿಪ್ಪೆಯೆಂದು ಮೂರು ಮಾತ್ರೆಯಲ್ಲಿ ಹೇಳಿ ಮುಗಿಸುತ್ತಿದ್ದರು.

ಆದರೆ ತಿಪ್ಪೆಯೆಲ್ಲಾ ಗೊಬ್ಬರವಲ್ಲ. ಬಿಸಿಲಿಗೆ ಬಿದ್ದು ಒಣಗಿದ, ಮಳೆಗೆ ತೊಳೆದುಹೋದ ತಿಪ್ಪೆಯಲ್ಲಿ ಉಳಿಯುವದು ಕಸವೇ. ಸರ್ ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿದ್ವಾಂಸನು ೧೯೨೪ರಿಂದ ೧೯೩೧ರ ವರೆಗೆ ಇಂದೂರಿನಲ್ಲಿದ್ದು, ಹಿಂದುಸ್ಥಾನದ ಮತ್ತು ಚೀನದ ಒಕ್ಕಲಿಗರಿಂದ ಕಲಿತು, ಕಸವನ್ನು ಗೊಬ್ಬರ ಮಾಡುವ ಒಂದು ಕ್ರಮವನ್ನು ಗೊತ್ತುಮಾಡಿದನು. ಅದು ಇಂದೂರ ಪದ್ಧತಿಯೆಂದು ಲೋಕಪ್ರಸಿದ್ಧವಾಯಿತು. ಅದರ ಸಾರವಿಷ್ಟೇ: ಹಸುರು ಬಳ್ಳಿ, ಒಣ ಕಸ, ಸಗಣಿ, ದನದ ಗಂಜಲ ಹೀರಿದ ಮಣ್ಣು, ಸ್ವಲ್ಪ ಬೂದಿ, ಇವುಗಳನ್ನು ಪದರುಪದರಾಗಿ ಹಾಕಿ, ಹಿಂಡಿದ ಅರಿವೆಯಷ್ಟು ಹಸಿ ಇರುವಂತೆ ನೋಡಿಕೊಂಡು, ಎರಡು ಮೂರು ಸಲ ಮೇಲುಕೆಳಗಾಗಿ ತಿರುವಿಹಾಕಿದರೆ, ಸುಮಾರು ಮೂರು ತಿಂಗಳಲ್ಲಿ ಕಪ್ಪಾದ ಗೊಬ್ಬರವಾಗುವದು. ರಾಶಿಯ ನಡುವೆ ಕೈಯಿಟ್ಟರೆ ತಾಳಲಾರದಷ್ಟು ಕಾವೇರಬೇಕು. ಆ ಕಾವಿನಲ್ಲಿ ಕಸದ ಬೀಜಗಳೂ ಹುಳಗಳ ಮೊಟ್ಟೆಗಳೂ ಸಾಯುವವು. ಲೂಕನ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿ, ಫಲಕೊಡದ ಅಂಜೂರದ ಮರಕ್ಕೆ ಇನ್ನೊಂದು ವರುಷದ ವಾಯಿದೆಯನ್ನು ಬೇಡಿದ ಆ ತೋಟಗಾರನು ನೆನಪಿಗೆ ಬರುತ್ತಾನೆ. ಬರೀ ಬೇಡಿಕೊಂಡು ಕೈಕಟ್ಟಿ ನಿಲ್ಲುವೆನೆಂದು ಅವನು ಹೇಳಲಿಲ್ಲ. ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆಂದನು. ನಮ್ಮಲ್ಲಿ ಬೇಡುವವರು ಬಹಳ ಜನ, ಬುಟ್ಟಿ ಹೊರುವವರು ಸ್ವಲ್ಪ ಜನ.

ಗೆಣಸನ್ನೇ ಉಂಡು ಬದುಕುವ ಒಂದು ಜನಾಂಗದ ಸಂಗತಿಯನ್ನು ಕೇಳಿರಿ. ಪೂರ್ವಸಮುದ್ರದಲ್ಲಿರುವ ಪಾಪುವಾ ನ್ಯೂ ಗಿನಿ ದೇಶದ ಮೇಲ್ನಾಡಿನಲ್ಲಿ ಎಂಗಾ ಎಂಬ ಸೀಮೆಯುಂಟು. ಅಲ್ಲಿಯ ಜನರು ನಮ್ಮಂತೆ ಬೋದು ಮಾಡದೆ, ಹೊಲದಲ್ಲಿ ದುಂಡಗಿನ ದೊಡ್ಡ ದೊಡ್ಡ ಮಣ್ಣಿನ ದಿಬ್ಬಗಳನ್ನು ಮಾಡುತ್ತಾರೆ; ಕೆಲವು ಮೂರು ಮಾರಿನ ಹತ್ತಿರ ಅಗಲವಾಗಿರುವವು. ಗೆಣಸು ಕಿತ್ತಾದ ಮೇಲೆ ದಿಬ್ಬದ ಹೊಟ್ಟೆಯನ್ನು ತೆರೆದು, ಹಳೇ ಬಳ್ಳಿಯನ್ನೂ ಹುಲ್ಲನ್ನೂ ಕಬ್ಬಿನ ರವದಿಯನ್ನೂ ಒಳಗೆ ತುಂಬಿ, ಅದು ಬೆಚ್ಚಗಾಗಿ ಕೊಳೆಯುವ ವರೆಗೆ ಬಿಟ್ಟು, ಮಣ್ಣು ಮುಚ್ಚಿ, ಅದರ ಮೇಲೆಯೇ ಹೊಸ ಬಳ್ಳಿಯನ್ನು ನೆಡುವರು. ಒಳಗಿನ ಕಾವು ಆ ಎತ್ತರದ ದೇಶದ ಇಬ್ಬನಿಯ ಕೊರೆತದಿಂದ ಬಳ್ಳಿಯನ್ನು ಕಾಯುವದು. ಮರಿಗೆಡ್ಡೆಗಳು ಹಂದಿಗಳಿಗೆ. ಹೀಗೆ ಒಂದೇ ನೆಲದಲ್ಲಿ ತಲೆಯಿಂದ ತಲೆಗೆ ಗೆಣಸು ಬೆಳೆದರೂ ನೆಲವು ಸೋಲಲಿಲ್ಲ. ನಮ್ಮ ಮಸಾರಿಯಲ್ಲಿ ಇದನ್ನು ಹಾಗೆಯೇ ಮಾಡಬೇಕೆಂದು ನಾನು ಹೇಳುವದಿಲ್ಲ. ಅಲ್ಲಿ ವರ್ಷವಿಡೀ ಮಳೆ, ನಮಗೆ ನಾಲ್ಕು ತಿಂಗಳು, ಅದೂ ನಂಬಿಕೆಯಿಲ್ಲದ್ದು. ಆದರೂ ಹಳೇ ಬೆಳೆಯ ಮೈಯನ್ನು ಹೊಸ ಬೆಳೆಯ ಬುಡಕ್ಕೆ ಕೊಡುವ ಆ ಬುದ್ಧಿಯು ಅಕ್ಷರ ಕಲಿಯದವರಿಗೆ ಬಂದದ್ದನ್ನು ನೋಡಿ ಅಕ್ಷರ ಕಲಿತ ನಾವು ಸ್ವಲ್ಪ ತಲೆತಗ್ಗಿಸಬಹುದು.

ಈಗ ಕಠಿಣವಾದ ಮಾತು. ಎಲ್ಲಾ ತುಂಡುಗಳೂ ಕೂಡಿಸತಕ್ಕವುಗಳಲ್ಲ. ಕರ್ತನು ತಾನೇ, ರುಚಿಗೆಟ್ಟ ಉಪ್ಪು ಭೂಮಿಗೂ ತಿಪ್ಪೆಗೂ ಬಾರದೆಂದು ಲೂಕನ ೧೪ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಗೆಣಸಿಗೆ ಮೂತಿಹುಳುವೆಂಬ ಒಂದು ಶತ್ರುವುಂಟು. ಇರುವೆಯಂತೆ ತೆಳ್ಳಗಿರುವದು, ಉದ್ದ ಮೂತಿಯದು. ಅದು ಮಣ್ಣನ್ನು ತೋಡಿಕೊಂಡು ಆಳಕ್ಕೆ ಇಳಿಯಲಾರದು. ನೆಲದ ಬಿರುಕುಗಳ ದಾರಿಯಿಂದ ಗೆಡ್ಡೆಯನ್ನು ಮುಟ್ಟಿ ಮೊಟ್ಟೆಯಿಡುವದು. ಆದ್ದರಿಂದಲೇ ಬೋದಿಗೆ ಮಣ್ಣೇರಿಸಿ ಬಿರುಕು ಮುಚ್ಚುವದು ಅರ್ಧ ವೈದ್ಯವಾಗಿದೆ. ಹುಳ ಹೊಕ್ಕ ಗೆಡ್ಡೆಯು ತನ್ನ ರಕ್ಷಣೆಗಾಗಿ ಒಂದು ಕಹಿಯನ್ನು ಹುಟ್ಟಿಸಿಕೊಳ್ಳುವದು. ಗೆಡ್ಡೆಗೆ ಬೂಸು ಹತ್ತಿದರಂತೂ ಅದರಲ್ಲಿ ದನಗಳ ಪುಪ್ಪುಸವನ್ನು ಕೆಡಿಸುವ ವಿಷವು ಹುಟ್ಟುವದು. ಅದನ್ನು ತಿಂದ ಆಕಳು ಬಾಯ್ದೆರೆದು ಏದುತ್ತಾ ಉಸಿರುಕಟ್ಟಿ ಸಾಯಬಹುದು. ಬೇಯಿಸಿದರೆ ಹೋಗುವ ವಿಷವಲ್ಲ ಅದು, ಅದಕ್ಕೆ ತಕ್ಕ ಮದ್ದೂ ಇಲ್ಲ. ಹಾಳಾಗಬಾರದೆಂಬ ಒಂದೇ ಹಟದಿಂದ ಕಪ್ಪಾದ ಗೆಣಸನ್ನು ಗೋದಲಿಗೆ ಹಾಕಿ, ಮನೆಯ ಹಾಲಿನ ಎಮ್ಮೆಯನ್ನು ಕಳಕೊಳ್ಳುವದು ಜಿಪುಣತನ; ಕರ್ತನ ಅಪ್ಪಣೆಯಲ್ಲ. ನೆರೆಯವನ ದನಕ್ಕೆಂದು ಅಗ್ಗದ ಬೆಲೆಗೆ ಅದನ್ನು ಮಾರುವದು ಪಾಪವೇ ಸರಿ, ಅದಕ್ಕೆ ಬೇರೆ ಹೆಸರಿಲ್ಲ. ಅಂಥವುಗಳನ್ನು ಆಳವಾದ ಕುಣಿಯಲ್ಲಿ ಹೂಳಿರಿ, ಇಲ್ಲವೆ ಸುಟ್ಟು ಬೂದಿಯನ್ನು ಹೊಲಕ್ಕೆ ಚೆಲ್ಲಿರಿ. ಪೊಟ್ಯಾಶಾದರೂ ಮನೆಗೆ ತಿರುಗಿ ಬರುವದು.

ಇನ್ನು ನಿಮ್ಮಲ್ಲಿ ಒಬ್ಬನು ಎದ್ದು ನನ್ನನ್ನು ಕೇಳಬಹುದು: ಅಯ್ಯನವರೇ, ಹೊಲದ್ದೆಲ್ಲಾ ಹೊಲಕ್ಕೆ, ಮನೆಯದ್ದೆಲ್ಲಾ ಮನೆಗೆ ತಿರುಗಬೇಕೆಂದು ಹೇಳಿದಿರಿ; ಹಾಗಾದರೆ ಬಡವರಿಗೆ ಏನು ಬಿದ್ದೀತು? ಈ ಪ್ರಶ್ನೆಯು ಹಗುರವಾದದ್ದಲ್ಲ. ಯಾಜಕಕಾಂಡದ ೧೯ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ, ಹೊಲದ ಅಂಚುಗಳನ್ನು ಕೊಯ್ಯಬಾರದೆಂದೂ ಹಕ್ಕಲನ್ನು ಆಯಬಾರದೆಂದೂ ಅದು ಬಡವರದೂ ಪರದೇಶಿಗಳದೂ ಆಗಿದೆಯೆಂದೂ ಆಜ್ಞಾಪಿಸಿದನು. ಒಂದು ಕಡೆ ತುಂಡುಗಳನ್ನು ಕೂಡಿಸು ಎಂಬ ಆಜ್ಞೆ. ಇನ್ನೊಂದು ಕಡೆ ಬಿಡು ಎಂಬ ಆಜ್ಞೆ. ತನ್ನ ಹಿತ್ತಲಿನಿಂದ ಹೊರಗೆ ಒಂದು ಎಲೆಯೂ ಹೋಗದಂತೆ ಸುತ್ತು ಬೇಲಿ ಹಾಕಿಕೊಂಡ ಒಕ್ಕಲಿಗನು ಮೊದಲನೆಯದನ್ನು ಕೈಕೊಂಡು ಎರಡನೆಯದನ್ನು ಮೀರುವನು. ಹಳೇ ಒಕ್ಕಲಿಗನ ಅಜಾಗ್ರತೆಯಿಂದ ಎಷ್ಟೋ ವಿಧವೆಯರ ಒಲೆ ಉರಿಯುತ್ತಿತ್ತು. ಹೊಸ ಒಕ್ಕಲಿಗನ ಜಾಣತನವು ಅದನ್ನು ಆರಿಸಬಾರದು.

ಆದರೆ ಗೆಣಸಿನ ಹೊಲದಲ್ಲಿ ಆ ಎರಡು ಆಜ್ಞೆಗಳೂ ಕೂಡಿಬರುವ ರೀತಿಯನ್ನು ನೋಡಿರಿ. ಎಷ್ಟು ಜಾಗ್ರತೆಯಿಂದ ಅಗೆದರೂ ಕೆಲವು ಗೆಡ್ಡೆಗಳು ನೆಲದಲ್ಲಿ ಉಳಿಯುವವು. ಆ ಉಳಿದ ಗೆಡ್ಡೆಗಳೂ ದಪ್ಪ ಬುಡಗಳೂ ಮೂತಿಹುಳುವಿಗೆ ಮುಂದಿನ ಹಂಗಾಮಿನ ವರೆಗೆ ಮನೆಯಾಗುವವು. ಅಲ್ಲಿಯೇ ಅದು ಸಂತಾನವನ್ನು ಬೆಳೆಸಿ ಮರುವರ್ಷದ ಬೆಳೆಯನ್ನು ಮುತ್ತುವದು. ಅವುಗಳನ್ನು ಒಂದೊಂದಾಗಿ ಹುಡುಕಿ ಕೀಳಲಿಕ್ಕೆ ಕೂಲಿ ಕೊಟ್ಟು ಪೂರೈಸದು. ಹಕ್ಕಲಾಯುವ ಹೆಂಗಸರೂ ಮಕ್ಕಳೂ ಕುರ್ಪಿ ಹಿಡಿದು ಬೋದುಗಳನ್ನು ಕೆದರಿದರೆ, ಅವರ ಉಡಿ ತುಂಬುವದು, ಹೊಲದ ರೋಗದ ಬೇರು ಹೋಗುವದು. ಅವರನ್ನು ಕೋಲು ಹಿಡಿದು ಓಡಿಸುವ ಯಜಮಾನನು ಹುಳುವನ್ನು ಸಾಕಿಕೊಳ್ಳುತ್ತಾನೆ. ಬೋವಜನು ರೂತಳಿಗಾಗಿ ಬೇಕೆಂದೇ ತೆನೆಗಳನ್ನು ಬೀಳಿಸಹೇಳಿದನು. ಅದರಿಂದ ತನಗೆ ಲಾಭವಾದೀತೆಂದು ಅವನು ಎಣಿಸಿರಲಿಲ್ಲ. ನೀವೂ ಲಾಭವನ್ನು ಎಣಿಸದೆ ಬಿಡಿರಿ; ಲಾಭ ಬಂದರೆ ಬರಲಿ.

ಒಂಟಿ ಮನೆಯವನಿಗೆ ಸಾಗದ ಕೆಲಸಗಳೂ ಇವೆ. ಕೊಯ್ಲಿನ ವಾರದಲ್ಲಿ ಪೇಟೆಯ ಧಾರಣೆ ಬಿದ್ದಾಗ, ಗಾಯವಾದ ಗೆಡ್ಡೆಗಳನ್ನು ತೆಳ್ಳಗೆ ಹೆಚ್ಚಿ ಬಿಸಿಲಲ್ಲಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಇರುವದು, ಬೀಸಿದರೆ ಹಿಟ್ಟಾಗುವದು. ಹೆಚ್ಚುವ ಯಂತ್ರಕ್ಕೂ ಒಣಗಿಸುವ ಹಾಸುಗಲ್ಲಿಗೂ ಐದಾರು ಮನೆಯವರು ಕೂಡಬೇಕು. ಕೂಡುವದು ಹೇಗೆಂದು ಕಲಿಯಲಿಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು; ಹಿಂದುಸ್ಥಾನದ ಸಹಕಾರದ ಚರಿತ್ರೆಯು ಆ ಹಳ್ಳಿಯ ಹೆಸರಿನಿಂದ ಆರಂಭವಾಗುವದು. ನೆಲದ ಪರೀಕ್ಷೆ, ಗೊಬ್ಬರದ ಪ್ರಮಾಣ ಮೊದಲಾದವುಗಳ ವಿಷಯವಾಗಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿರಿ. ೧೯೬೩ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿತವಾದ ಗೆಡ್ಡೆಬೆಳೆಗಳ ಸಂಶೋಧನಾ ಸಂಸ್ಥೆಯವರು ಹೆಕ್ಟೇರಿಗೆ ೫ ಟನ್ ತಿಪ್ಪೆಗೊಬ್ಬರವನ್ನು ಹೇಳುತ್ತಾರೆ. ಒಳಗೆ ಕೇಸರಿ ಬಣ್ಣದ ತಿರುಳುಳ್ಳ ಭೂ ಸೋನಾ ಎಂಬ ತಳಿಯನ್ನು ಬೆಳೆಸಿದವರೂ ಅವರೇ. ಮಕ್ಕಳ ಇರುಳುಗುರುಡನ್ನು ತಡೆಯುವ ಸತ್ವವು ಅಂಥ ಗೆಡ್ಡೆಯಲ್ಲಿದೆ; ಆಫ್ರಿಕಾ ಖಂಡದ ಬಡವರಲ್ಲಿ ಅದನ್ನು ಹಬ್ಬಿಸಿದವರಿಗೆ ೨೦೧೬ರಲ್ಲಿ ಲೋಕ ಆಹಾರ ಬಹುಮಾನವು ದೊರೆಯಿತು. ಚೀಟಿಯ ಔಷಧಕ್ಕಿಂತ ತಾಯಿಯ ಕೈಯಿಂದ ಬಂದ ಗೆಣಸಿನ ಹೋಳಿಗೆಯನ್ನು ಮಕ್ಕಳು ಬೇಗನೆ ನುಂಗುವರೆಂದು ಯಾರಿಗೆ ತಿಳಿಯದು?

ಕಡೆಯದಾಗಿ ಬಳ್ಳಿಯ ವಿಷಯ. ಗೆಣಸಿಗೆ ಬೀಜದ ಖರ್ಚಿಲ್ಲ; ಗೇಣುದ್ದದ, ಮೂರು ನಾಲ್ಕು ಗಿಣ್ಣುಗಳುಳ್ಳ ಕುಡಿಗಳೇ ಬೀಜ. ಬುಡದ ದಪ್ಪ ಬಳ್ಳಿಯಲ್ಲಿ ಹುಳದ ಮೊಟ್ಟೆ ಇರುವದರಿಂದ ಕುಡಿಯನ್ನೇ ಕತ್ತರಿಸಬೇಕು. ಎಕರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಕುಡಿಗಳು ಬೇಕಾಗುವವು, ಮತ್ತು ನಮ್ಮ ಬೇಸಿಗೆಯಲ್ಲಿ ಹೊಲದ ಬಳ್ಳಿ ಉಳಿಯದು. ಆದುದರಿಂದ ಬಚ್ಚಲ ನೀರು ಹರಿಯುವ ಹಿತ್ತಲ ಮೂಲೆಯಲ್ಲಿ ಒಂದು ಮಡಿಯನ್ನು ಮಾಡಿ, ರೋಗವಿಲ್ಲದ ನಾಲ್ಕು ಗೆಡ್ಡೆಗಳನ್ನು ಹೂತು, ಬಳ್ಳಿಯನ್ನು ಮಳೆಗಾಲದ ವರೆಗೆ ಕಾಯ್ದುಕೊಳ್ಳಿರಿ. ಎಲೆ ಮುದುಡಿದ, ಬಣ್ಣಗೆಟ್ಟ ಬಳ್ಳಿಯನ್ನು ಕಂಡಕೂಡಲೆ ಕಿತ್ತುಹಾಕಿರಿ. ಕುಡಿ ಕತ್ತರಿಸಿದಷ್ಟೂ ಬಳ್ಳಿಯು ಕವಲೊಡೆಯುವದು. ಕೊಟ್ಟವನ ಮಡಿ ಬರಿದಾಗದು. ಚಾರೆಪ್ತದ ವಿಧವೆಯ ಹಿಟ್ಟಿನ ಮಡಕೆಯ ಸಂಗತಿಯನ್ನು ಓದಿದವರಿಗೆ ಇದು ವಿಚಿತ್ರವಾಗಿ ತೋರದು.

ಆದ್ದರಿಂದ ಈ ಸಾರಿ ಮೃಗಶಿರ ಮಳೆಗೆ ಮುಂಚೆ, ಬಳ್ಳಿಯುಳ್ಳವರು ಒಂದೊಂದು ಸಿವುಡು ಕುಡಿಗಳನ್ನು ಕತ್ತರಿಸಿ, ನೆರಳಲ್ಲಿ ಒದ್ದೆ ಗೋಣಿಯ ಕೆಳಗಿಟ್ಟು, ರವಿವಾರದ ಆರಾಧನೆಗೆ ಬರುವಾಗ ತಕ್ಕೊಂಡು ಬರಲಿ. ಹೊಲವಿದ್ದೂ ಬಳ್ಳಿಯಿಲ್ಲದವರು ಹೆಸರು ಬರೆಯಿಸಲಿ. ಎರಡು ದಿನಗಳೊಳಗೆ ನೆಟ್ಟರೆ ಕುಡಿಗಳಿಗೆ ಬಾಧೆಯಿಲ್ಲ. ಗೆಣಸು ಕಿತ್ತ ತರುವಾಯ ಮೂರು ದಿನ ಹೊಲವನ್ನು ಹಕ್ಕಲಿನವರಿಗೆ ತೆರೆದಿಡಿರಿ. ನಾಲ್ಕನೆಯ ದಿನ ಕುಂಟೆ ಹೊಡೆದು, ಮೇಲೆ ಬಂದ ಗೆಡ್ಡೆಗಳನ್ನೂ ಅವರಿಗೇ ಬಿಟ್ಟು, ಹಸಿ ಇದ್ದರೆ ಕಡಲೆಯನ್ನು ಬಿತ್ತಿರಿ.